ಯಲ್ಲಾಲಿಂಗ ಮಿಸ್ತ್ರಿಯ ‘ಆಗಂಗಿಲ್ಲ’

ಬನಹಟ್ಟಿಯ ಗ್ಯಾರೇಜಿನ ಯಲ್ಲಾಲಿಂಗ ಮಿಸ್ತ್ರಿಯ ಬಾಯಲ್ಲಿ ಮೊದಲು ಬರುವ ಮಾತೇ “ಆಗಂಗಿಲ್ರಿ”. ಗಾಲಿಗೆ ಗಾಳಿ ತುಂಬು ಅಂದರೂ ಹಾಗೇ ಅನ್ನುತ್ತಾನೆ, ಅನ್ನುತ್ತಲೇ ಪೈಪು ಎಳೆಯುತ್ತಾನೆ. ಲಕ್ವ ಹೊಡೆದು ಎಡಗಾಲು ಸೋತ ಮಲಕಾಜಪ್ಪ, ನೂಲು ಸಾಗಿಸುವ ತನ್ನ ಹಳೇ ಪಿಕಪ್ಪಿಗೆ ಎಡಗಾಲಲ್ಲಿ ಒತ್ತುವ ಕ್ಲಚ್ ಬೇಕಿಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂಡಿಸು ಎಂದಾಗಲೂ, “ಇದಕ್ಕ ಅದು ಕೂಡಂಗಿಲ್ರಿ ಕಾಕಾ, ಮನಿಗೆ ಹೋಗ್ರಿ” ಅಂದ. ಗಾಡಿಯ ಕೀಲಿ ಮಾತ್ರ ವಾಪಸ್ ಕೊಡಲಿಲ್ಲ. ಎರಡು ತಿಂಗಳು ಗುಜರಿಗಳನ್ನೆಲ್ಲ ಜಾಲಾಡಿ, ಗಾಡಿಯನ್ನೂ ಅದರ ಮಾಲೀಕನನ್ನೂ ಬೈಯುತ್ತಲೇ ಕೂಡಿಸಿಬಿಟ್ಟ. ಗಾಡಿ ಹತ್ತಿದ ಮಲಕಾಜಪ್ಪನಿಗೆ ಸೀಟಿನ ಕಾಲಿಗೆ ಕಟ್ಟಿದ ಹಗ್ಗ ಕಂಡಿತು. “ಇದ್ಯಾಕೋ?” “ನನ್ನ ಎಡಗಾಲು ಕಟ್ಟಿಕೊಂಡು ಹಿಪ್ಪರಗಿತನಕ ಹೊಡಕೊಂಡು ಹೋಗಿ ಬಂದೇನ್ರಿ. ನಿಮಗ ಹೆಂಗಾಕ್ಕೈತಿ ಅಂತ ತಿಳೀಬೇಕಲ್ರಿ.” ಮಲಕಾಜಪ್ಪ ಅವನ ಗ್ರೀಸು ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಒಬ್ಬನೇ ಗಾಡಿ ಹೊಡೆದುಕೊಂಡು ಮನೆಗೆ ಹೋದ.