ಚರಗದ ಬುತ್ತಿಗೆ ಒಂದು ವಾಕ್ಯ

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅಳತೆ ತೆಗೆಯುವ ಹೊತ್ತಿಗೇ ನಿರ್ಮಲಾಗೆ ಪ್ರಶ್ನೆಗಳು ಬರುತ್ತವೆ. ರೋಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆಕೆಯ ಹೊಲಿಗೆ ಅಂಗಡಿ. ಆಕೆಯ ಹಣೆಯಲ್ಲಿ ಕುಂಕುಮವಿಲ್ಲ, ಅಂಗಡಿಯ ಗೋಡೆಯ ಮೇಲೆ ಒಂದು ಶಿಲುಬೆ ಇದೆ. ಜಂಪರ್ ಹೊಲಿಸಲು ಬಂದವರು ತೋಳು ಚಾಚಿ ಸುಮ್ಮನೆ ನಿಲ್ಲಬೇಕಲ್ಲ, ಏನಾದರೂ ಕೇಳುತ್ತಾರೆ.

ಕ್ರಿಸ್‌ಮಸ್ ಮುಗಿದ ವಾರ ಅಡತಿ ಅಂಗಡಿಯವರ ಸೊಸೆ ಅನ್ನಪೂರ್ಣಾ ಹೀಗೆಯೇ ನಿಂತು ಕೇಳಿದಳು: "ನಿಮ್ಮಾಗ ಸತ್ತವರಿಗೆ ಎಡಿ ಇಡಂಗಿಲ್ಲಂತಲ್ರಿ ಅಕ್ಕಾರ, ಖರೇ ಏನು?"

ನಿರ್ಮಲಾ ಪಿನ್ನು ತೆಗೆದಳು. "ಖರೇರಿ. ಸತ್ತವರಿಗೆ ಈ ಲೋಕದ ಯಾವ ಖಬರೂ ಇರಂಗಿಲ್ಲ ಅಂತ ಬೈಬಲ್ಲಿನಾಗ ಐತಿ. ಪ್ರಸಂಗಿ ಪುಸ್ತಕ, ಒಂಬತ್ತನೇ ಅಧ್ಯಾಯ."

"ಮತ್ತ ಡಿಸೆಂಬರ್ ಇಪ್ಪತ್ತೈದಕ್ಕ ಹಬ್ಬಾ ಮಾಡ್ರಿ ಅಂತ ಬರದೈತೇನ್ರಿ?"

"ಇಲ್ರಿ. ಹುಟ್ಟಿದ್ದು ಬರದೈತಿ, ತಾರೀಖ ಬರದಿಲ್ಲ. ಕೈ ಎತ್ತರಿ."

ಪಕ್ಕದ ಬಳೆ ಅಂಗಡಿಯಿಂದ ಶಬಾನಾ ಕೂಗಿದಳು: "ಜಂಪರ ಎಂದ ಕೊಡತಾಳ ಅನ್ನೂದೂ ಅದರಾಗ ಬರದಿಲ್ರಿ ಅನ್ನಕ್ಕಾ, ಹುಡುಕಬ್ಯಾಡ್ರಿ."

ಇಂಥ ಪ್ರಶ್ನೆಗಳು ನಿರ್ಮಲಾಗೆ ತೊಂದರೆ ಕೊಟ್ಟಿದ್ದಿಲ್ಲ. ಊರಿನ ಸಣ್ಣ ಕ್ರೈಸ್ತ ಸಭೆಯಲ್ಲಿ ಭಾನುವಾರ ಮಧ್ಯಾಹ್ನ ಹೆಂಗಸರಿಗಾಗಿ ಒಂದು ಪ್ರಶ್ನೋತ್ತರ ನಡೆಯುತ್ತದೆ. ಅದನ್ನು ಹಲವು ವರ್ಷಗಳಿಂದ ನಡೆಸುತ್ತ ಬಂದವಳು ಆಕೆಯೇ. ಅಲ್ಲಿ ಒಂದೇ ಕಟ್ಟಳೆ: ನನಗೆ ಹೀಗೆ ಅನ್ನಿಸುತ್ತದೆ ಎನ್ನುವಂತಿಲ್ಲ, ಉತ್ತರಕ್ಕೆ ಬೈಬಲ್ಲಿನ ವಾಕ್ಯ ಇರಬೇಕು. ಉಪವಾಸಕ್ಕೆ, ತಾಳಿಗೆ, ಮಕ್ಕಳ ದೀಕ್ಷಾಸ್ನಾನಕ್ಕೆ ಆಕೆ ವಾಕ್ಯ ಹುಡುಕಿ ಕೊಟ್ಟಿದ್ದಾಳೆ. ವಾಕ್ಯ ಇಲ್ಲದ ಕಡೆ ಇಲ್ಲ ಎಂದು ಹೇಳಿದ್ದಾಳೆ. ಆದರೆ ಒಂದು ಪ್ರಶ್ನೆ ಕಳೆದೊಂದು ವರ್ಷದಿಂದ ಆಕೆಯ ಮನೆಯಲ್ಲೇ ಕೂತಿತ್ತು.

ನಿರ್ಮಲಾ ಹುಟ್ಟಿದ್ದು ಸವಡಿಯಲ್ಲಿ, ನೀಲವ್ವ ಎಂಬ ಹೆಸರಿನಿಂದ. ತಾಯಿ ಬೇಗ ತೀರಿಕೊಂಡದ್ದರಿಂದ ತಲೆ ಬಾಚಿ, ಬುತ್ತಿ ಕಟ್ಟಿ ಸಾಕಿದವಳು ಅಕ್ಕ ಯಂಕವ್ವ. ಮೋಟರ್ ರಿವೈಂಡಿಂಗ್ ಮಾಡುವ ರಾಜರತ್ನನನ್ನು ಮದುವೆಯಾಗಿ, ದೀಕ್ಷಾಸ್ನಾನ ಪಡೆದು, ಹೆಸರು ಬದಲಾದಾಗ ಊರಿನಲ್ಲಿ ಮಾತು ಬಂದದ್ದು ನಿಜ. ಯಂಕವ್ವ ಮಾತ್ರ ಏನೂ ಅನ್ನಲಿಲ್ಲ. ನೀಲಿ ಎಂದೇ ಕರೆದಳು. ಪ್ರತಿ ಎಳ್ಳ ಅಮಾವಾಸ್ಯೆಗೆ ತನ್ನ ಹೊಲಕ್ಕೆ ಕರೆಸಿಕೊಂಡಳು.

ಆ ದಿನ ಅಲ್ಲಿನವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬಿಳಿಜೋಳದ ನಡುವೆ ಐದು ಕಲ್ಲಿಟ್ಟು, ಅವನ್ನು ಪಾಂಡವರೆಂದು ಪೂಜಿಸಿ, ಎಡೆ ಹಿಡಿದು, ಹುಲ್ಲುಲ್ಲಿಗೋ ಎಂದು ಕೂಗುತ್ತ ಹೊಲದ ಸುತ್ತ ಅನ್ನ ಚೆಲ್ಲುತ್ತಾರೆ. ಅದೇ ಚರಗ. ಆಮೇಲೆ ಎಲ್ಲರೂ ಕೂತು ಉಣ್ಣುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡಬು. ನಿರ್ಮಲಾ ಪೂಜೆ ಮುಗಿಯುವ ತನಕ ಬದುವಿನ ಮೇಲೆ ಕೂತು, ಆಮೇಲೆ ಪಂಕ್ತಿಗೆ ಬರುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಕಳೆದ ವರ್ಷ ಹೊಸ ಪಾಸ್ಟರ್ ಬಂದರು. ಶಶಿಕಾಂತ ಎಂದು ಹೆಸರು, ಹಾಸನದ ಕಡೆಯವರು. ನರಗುಂದ, ಗಜೇಂದ್ರಗಡ, ರೋಣ ಮೂರೂ ಕಡೆಯ ಸಭೆಗಳನ್ನು ಸರದಿಯ ಮೇಲೆ ನೋಡಿಕೊಳ್ಳುತ್ತಾರೆ. ವಿಗ್ರಹಕ್ಕೆ ಇಟ್ಟದ್ದನ್ನು ಮುಟ್ಟಬೇಡಿ ಎಂದು ಯೇಸುವಿನ ಶಿಷ್ಯರಾದ ಅಪೊಸ್ತಲರೇ ಸಭೆಗಳಿಗೆ ಬರೆದು ಕಳಿಸಿದ್ದರು ಎಂದು ಅವರು ಬೋಧಿಸಿದ ಮರು ವಾರವೇ ಅಮಾವಾಸ್ಯೆ. ಯಂಕವ್ವ ಎಂದಿನಂತೆ ಹೋಳಿಗೆ ಬಡಿಸುತ್ತ, ಎಂದಿನಂತೆ ಅಂದಳು: "ತಗೋ, ಎಡಿ ಹಿಡದದ್ದು." ನಿರ್ಮಲಾ ತಾಟು ಹಿಂದಕ್ಕೆ ಎಳೆದುಕೊಂಡಳು. ಪಂಕ್ತಿಯಲ್ಲಿದ್ದವರೆಲ್ಲ ನೋಡಿದರು. ಯಂಕವ್ವ ಬಗ್ಗಿ, ತಂಗಿಯ ತಾಟು ಎತ್ತಿ, ಅದರಲ್ಲಿದ್ದುದನ್ನು ಎತ್ತಿನ ಮುಂದೆ ಸುರಿದಳು.

ಅಂದಿನಿಂದ ಅಕ್ಕನ ಫೋನ್ ಬಂದಿಲ್ಲ. ಈ ಸಲ ಕ್ರಿಸ್‌ಮಸ್ಸಿಗೂ ಆಕೆ ಬರಲಿಲ್ಲ. ಸವಡಿಗೆ ಹೋಗುವ ಟಂಟಂ ಆಟೋದಲ್ಲಿ ಕಳಿಸಿದ ಕರ್ಚಿಕಾಯಿ ಡಬ್ಬಿ ಅದೇ ಟಂಟಂನಲ್ಲಿ, ಮುಚ್ಚಳ ತೆರೆಯದೆ, ವಾಪಸ್ ಬಂತು.

ವರ್ಷದ ಕೊನೆಯ ಭಾನುವಾರದ ಪ್ರಶ್ನೋತ್ತರದಲ್ಲಿ ಬಾಳವ್ವ ಎದ್ದು ನಿಂತಳು. ಪುರ್ತಗೇರಿ ಸುತ್ತಿನ ಕಡಲೆ ಹೊಲಗಳಿಗೆ ಹೆಣ್ಣಾಳುಗಳನ್ನು ಕರೆದುಕೊಂಡು ಹೋಗುವವಳು ಆಕೆ.

"ನಿರ್ಮಲಕ್ಕಾ, ಅಮಾಸಿ ಬಂತು. ಹೊಲದವರು ಚರಗದ ಊಟಕ್ಕ ಕರೀತಾರ. ಉಣಲೋ ಬ್ಯಾಡೋ? ಉಣದ ಬಂದ್ರ ಗೌಡತಿ ಸುಗ್ಗಿತನಾ ಮಾರಿ ಉಬ್ಬಸತಾಳ. ಉಂಡ್ ಬಂದ್ರ ನೀವು ಉಬ್ಬಸತೀರಿ."

ಪಾಸ್ಟರ್ ಅಂದು ರೋಣದ ಸರದಿಯ ಮೇಲೆ ಅಲ್ಲೇ ಕೂತಿದ್ದರು. ನಿರ್ಮಲಾ ಇದಕ್ಕೆ ಬೇಕಾದ ವಾಕ್ಯವನ್ನು ವಾರವಿಡೀ ಓದಿಕೊಂಡು ಬಂದಿದ್ದಳು. ಕೊರಿಂಥದ ಸಭೆಗೆ ಪೌಲ ಬರೆದ ಮೊದಲ ಪತ್ರ, ಹತ್ತನೆಯ ಅಧ್ಯಾಯ. ಅದನ್ನು ತನ್ನ ಮಾತಿನಲ್ಲಿ ಬಿಡಿಸಿ ಹೇಳಿದಳು: "ವಿಶ್ವಾಸ ಇಲ್ಲದವರು ಊಟಕ್ಕ ಕರದ್ರ ಹೋಗರಿ, ಏನ ಬಡಸತಾರೋ ಅದನ್ನ ಏನೂ ಕೇಳದ ಉಣ್ಣರಿ ಅಂತಾನ ಪೌಲ. ಆದ್ರ ಯಾರರ ಇದು ದೇವರಿಗೆ ಇಟ್ಟದ್ದು ಅಂತ ಹೇಳಿದ್ರ, ಆ ಹೇಳಿದವರ ಮನಸ್ಸಿನ ಸಲುವಾಗಿ ಉಣಬ್ಯಾಡ್ರಿ ಅಂತಾನ."

"ಅಂದ್ರ ಕಿವಿ ಮುಚ್ಚಿಕೊಂಡ ಉಣಬೇಕೇನ್ರಿ?" ಎಂದಳು ಬಾಳವ್ವ. ಹೆಂಗಸರು ನಕ್ಕರು. ನಿರ್ಮಲಾಗೆ ನಗು ಬರಲಿಲ್ಲ.

"ಅಮ್ಮಾ, ಚರಗ ಅಂದ ಮೇಲೆ ಹೇಳಿದ ಹಾಗೇ ಆಯಿತಲ್ಲ," ಎಂದರು ಪಾಸ್ಟರ್. ದನಿ ಏರಿಸುವ ಮನುಷ್ಯರಲ್ಲ. "ಅದೇ ಪತ್ರದ ಎಂಟನೆಯ ಅಧ್ಯಾಯವನ್ನೂ ಓದಿ. ನಂಬಿಕೆಯಲ್ಲಿ ಬಲವಿಲ್ಲದವನು ನಿಮ್ಮನ್ನು ನೋಡಿ ಎಡವಿದರೆ ತಪ್ಪು ನಿಮ್ಮದು. ಇಲ್ಲಿ ಹೊಸಬರಿದ್ದಾರೆ. ಇವತ್ತು ನೀವು ಉಂಡರೆ ನಾಳೆ ಅವರು ಪೂಜೆಗೂ ಕೂರುತ್ತಾರೆ."

ಅದೂ ವಾಕ್ಯವೇ. ನಿರ್ಮಲಾ ಪುಟ ತಿರುಗಿಸಿದಳು, ಮತ್ತೆ ಹಿಂದಕ್ಕೆ ತಿರುಗಿಸಿದಳು. ತಿನ್ನು ಎನ್ನುವ ಮಾತಿಗೂ ಬೇಡ ಎನ್ನುವ ಮಾತಿಗೂ ನಡುವೆ ಅಕ್ಕನ ಒಂದು ನುಡಿ ಇತ್ತು: ಎಡಿ ಹಿಡದದ್ದು. ಅದನ್ನೊಂದು ಆಡದಿದ್ದರೆ ಸಾಕು ಎಂದುಕೊಂಡು ಆಕೆ ಮರುದಿನ ಅಂಗಡಿಯನ್ನು ಶಬಾನಾಗೆ ನೋಡಿಕೊಳ್ಳಲು ಹೇಳಿ ಸವಡಿಗೆ ಹೋದಳು.

ಯಂಕವ್ವ ಹಿತ್ತಿಲಲ್ಲಿ ಮೊರದಲ್ಲಿ ಎಳ್ಳು ಹಸನು ಮಾಡುತ್ತಿದ್ದಳು. ತಂಗಿಯನ್ನು ನೋಡಿ, ಗೂಟಕ್ಕೆ ಕಟ್ಟಿದ್ದ ಎಮ್ಮೆಯ ಕಡೆ ತಿರುಗಿದಳು.

"ರೋಣದ ಅಕ್ಕಾರು ಬಂದಾರ. ಅವರಿಗೆ ನಮ್ಮನಿ ನೀರರ ನಡೀತೈತೇನ ಕೇಳು."

"ಯಕ್ಕಾ, ಎಮ್ಮಿ ಜೋಡಿ ಯಾಕ ಮಾತಾಡ್ತಿ? ನನ್ನ ಬೈಯಿ."

"ಎಮ್ಮಿ ಮುಂದ ಇಟ್ಟದ್ದ ತಿಂತೈತಿ."

ನಿರ್ಮಲಾ ನೆಲದ ಮೇಲೆ ಕೂತು ಇನ್ನೊಂದು ಮೊರ ಎಳೆದುಕೊಂಡಳು. ಎರಡು ಹಿಡಿ ಎಳ್ಳು ಸುರಿದುಕೊಂಡು ಕೇರಿದಳು. ಆಮೇಲೆ ಬಂದ ಕೆಲಸ ಹೇಳಿದಳು.

"ಈ ಸಲ ನಾ ಹೊಲಕ್ಕ ಬರತೀನಿ, ಉಣತೀನಿ. ನೀ ಬಡಸೂ ಮುಂದ ಎಡಿ ಹಿಡದದ್ದು ಅಂತ ಅನಬ್ಯಾಡ. ಸುಮ್ನ ಬಡಸು. ಹೇಳದಿದ್ರ ನನಗ ನಡೀತೈತಿ."

ಯಂಕವ್ವನ ಕೈ ನಿಂತಿತು. "ಹೇಳದ ಬಡಸಿದ್ರ ಅದು ಚರಗಾ ಹ್ಯಾಂಗ ಆತಬೇ? ಹೆಸರ ಹೇಳದ ಕೊಟ್ಟದ್ದು ಉಳದದ್ದು ಕೊಟ್ಟಂಗ. ಒಡಹುಟ್ಟಿದಾಕಿಗೆ ಉಳದದ್ದು ಕೊಡ್ಲ್ಯಾ?"

"ಹಂಗಾರ ಪೂಜಾ ಆಗೂ ಮೊದಲ ನನಗೊಂದ ತಾಟ ತಗದ ಕೊಡು."

"ಮೀಸಲ ಅಡಗಿ ಅದು! ಭೂಮಿತಾಯಿಗೆ ಮುಟ್ಟೂ ಮೊದಲ ನೀ ಬಾಯಿ ಹಚ್ಚಿದ್ರ ಎಂಜಲ ಆಗತೈತಿ. ಇಷ್ಟರೊಳಗ ಅದನೂ ಮರತೇನು?"

"ನಾನ ಮನಿಂದ ಬುತ್ತಿ ಕಟಗೊಂಡ ಬರತೀನಿ ಬಿಡು. ಪಂಕ್ತಿನಾಗ ಕುಂತ ಅದನ್ನ ಉಣತೀನಿ."

"ನಮ್ಮ ಹೊಲದಾಗ ಕುಂತು ನಿಂದ ನೀ ಉಂಡ್ರ ಮಂದಿ ನನ್ನ ಏನಂತಾರ?"

ಪೂಜೆಗಿಂತ ಮೊದಲು ಎಂಜಲು, ಆಮೇಲೆ ಎಡೆ, ಹೇಳಿದರೆ ಪೌಲ ಬಿಡ, ಹೇಳದಿದ್ದರೆ ಅಕ್ಕ ಬಿಡಳು. ನಿರ್ಮಲಾ ಮೊರವನ್ನು ನೆಲಕ್ಕೆ ಕುಕ್ಕಿದಳು. ಎಳ್ಳು ಚೆಲ್ಲಿತು.

"ಚೆಲ್ಲು, ಚೆಲ್ಲು. ನಿಂದೇನು ಗಂಟು ಹೋಗೂದೈತಿ," ಎಂದಳು ಯಂಕವ್ವ.

ಅಷ್ಟರಲ್ಲಿ ಯಂಕವ್ವನ ಗಂಡ ಪರಶಪ್ಪ ಕಣಕಿ ಸೂಡು ಹೊತ್ತು ಹಿತ್ತಿಲಿಗೆ ಬಂದ. "ಮಾತಾಡಾಕತ್ತೀರೋ ಜಗಳಾಡಾಕತ್ತೀರೋ? ಯಾವುದರ ಇರಲಿ, ಚಾ ಇಡ್ರಿ," ಎಂದು ಸೂಡನ್ನು ಎಮ್ಮೆಯ ಮುಂದೆ ಎಸೆದು ಹೋದ.

ಯಾರೂ ಚಹಾ ಇಡಲು ಏಳಲಿಲ್ಲ. ಯಂಕವ್ವ ಚೆಲ್ಲಿದ ಎಳ್ಳನ್ನು ಅಂಗೈಯಿಂದ ಬಳಿಯುತ್ತ, ಈಗ ನೇರವಾಗಿ ತಂಗಿಯ ಮುಖ ನೋಡಿ ಕೇಳಿದಳು.

"ನಿಮ್ಮ ಕ್ರಿಸ್‌ಮಸ್ ಕರ್ಚಿಕಾಯಿ ಮ್ಯಾಲೆ ನಿಮ್ಮ ಅಯ್ಯನವರು ಪ್ರಾರ್ಥನಾ ಮಾಡತಾರ, ಹೌದಲ್ಲೋ?"

"ಮಾಡತಾರ."

"ಇಷ್ಟ ವರ್ಷ ತಿಂದೆ. ಯಾವ ದೇವರ ಹೆಸರ ಹೇಳೀರಿ ಅಂತ ಒಂದರ ದಿನ ಕೇಳೀನೇನ?"

ಕೇಳಿರಲಿಲ್ಲ. ಬಡಿಸಿದ್ದನ್ನು ಏನೂ ಕೇಳದೆ ತಿನ್ನಿರಿ ಎಂದು ಪೌಲ ಬರೆದದ್ದನ್ನು ಇಷ್ಟೂ ವರ್ಷ ತಪ್ಪದೆ ನಡೆಸಿದವಳು ಮನೆತನದಲ್ಲಿ ಅಕ್ಕ ಒಬ್ಬಳೇ ಎಂದು ನಿರ್ಮಲಾಗೆ ಹೊಳೆಯಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ. ಇನ್ನಷ್ಟು ಸಿಟ್ಟು ಬಂತು, ಅದು ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಸಿಟ್ಟಿನಲ್ಲೇ ಆ ವಾಕ್ಯದ ಕೊನೆಯ ತುಂಡು ನೆನಪಾಯಿತು. ಹೇಳಿದವರ ಮನಸ್ಸಿನ ಸಲುವಾಗಿ. ಹೇಳಿದವಳ ಮನಸ್ಸಿನಲ್ಲಿ ಏನಿದೆ ಎಂದು ಇವಳಾಗಲಿ, ಪಾಸ್ಟರ್ ಆಗಲಿ ಇದುವರೆಗೆ ಕೇಳಿರಲಿಲ್ಲ.

"ಯಕ್ಕಾ, ಒಂದ ಖರೇ ಹೇಳು. ನೀ ಎಡಿ ಹಿಡದದ್ದು ಅಂತ ಹೇಳಿದ ಮ್ಯಾಲೂ ನಾ ಉಂಡ್ರ, ನೀ ಏನ ತಿಳಕೊಂತಿ? ನೀಲಿ ಮತ್ತ ಪಾಂಡವರಿಗೆ ನಡಕೊಳ್ಳಾಕತ್ತಾಳ ಅಂತ ತಿಳಕೊಂತಿಯೇನು?"

ಯಂಕವ್ವ ತಂಗಿಗೆ ಹುಚ್ಚು ಹಿಡಿದಿದೆಯೇ ಎನ್ನುವಂತೆ ನೋಡಿದಳು.

"ನಿನಗ ಹಸಿವಿ ಆಗಿತ್ತು ಅಂತ ತಿಳಕೊಂತೀನಿ. ಮತ್ತೇನ ತಿಳಕೊಳ್ಳಲಿ?"

ನಿರ್ಮಲಾ ರೋಣಕ್ಕೆ ಮರಳಿ ಅಂಗಡಿಯಿಂದಲೇ ಪಾಸ್ಟರಿಗೆ ಫೋನ್ ಮಾಡಿದಳು. ಅವರು ಗಜೇಂದ್ರಗಡದಲ್ಲಿದ್ದರು. ಹೇಳಿದವಳ ಮನಸ್ಸನ್ನು ಕೇಳಿಕೊಂಡು ಬಂದಿದ್ದೇನೆ, ನಾನು ಉಂಡರೆ ಅವಳು ತಪ್ಪು ತಿಳಿಯುವುದಿಲ್ಲ, ಹಾಗಾಗಿ ಉಣ್ಣುತ್ತೇನೆ ಎಂದಳು. ಪಾಸ್ಟರ್ ಪೂರ್ತಿ ಕೇಳಿಸಿಕೊಂಡರು.

"ಹೊಲದಲ್ಲಿ ನಿಮ್ಮ ಅಕ್ಕ ಒಬ್ಬರೇ ಇರುವುದಿಲ್ಲವಲ್ಲ ಅಮ್ಮಾ. ನೀವು ಉಂಡ ಸುದ್ದಿ ಬಾಳವ್ವನಿಗೆ ಸಂಜೆಯೊಳಗೆ ಮುಟ್ಟುತ್ತದೆ."

"ಬಾಳವ್ವಗ ನಾನ ತಿಳಿಸಿ ಹೇಳತೀನ್ರಿ."

"ಅವರು ಪೂಜೆಗೆ ಕೂರದ ಹಾಗೆ, ಊಟ ಮಾತ್ರ ಮಾಡುವ ಹಾಗೆ ತಿಳಿಸಿ ಹೇಳುತ್ತೀರಾ? ಎಲ್ಲರಿಗೂ?"

ಸಭೆಯಲ್ಲಿ ಅಷ್ಟು ಸೂಕ್ಷ್ಮವಾಗಿ ಗೆರೆ ಎಳೆದು ನಡೆಯಬಲ್ಲವರೂ ಇದ್ದರು, ಇಲ್ಲದವರೂ ಇದ್ದರು. ಪಾಸ್ಟರ್ ಹೇಳಿದ್ದು ಪೂರ್ತಿ ತಪ್ಪಾಗಿದ್ದರೆ ಜಗಳವಾದರೂ ಆಡಬಹುದಿತ್ತು.

"ನಿಮ್ಮ ಊಟಕ್ಕೆ ನಾನು ಅಡ್ಡ ಬರುವುದಿಲ್ಲ," ಎಂದರು ಅವರು. "ಆದರೆ ಉಂಡು ಬಂದು ಇನ್ನೊಬ್ಬರಿಗೆ ಉತ್ತರ ಹೇಳುವ ಜಾಗದಲ್ಲಿ ನೀವು ಕೂರುವುದು ಬೇಡ. ಸದ್ಯಕ್ಕೆ."

"ಸದ್ಯಕ್ಕ ಅಂದ್ರ ಎಲ್ಲೀತನಾರಿ?"

ಅದಕ್ಕೆ ಅವರು ಪ್ರಾರ್ಥನೆ ಮಾಡೋಣ ಎಂದರು. ಆಕೆ ಹೂಂ ಎಂದು ಫೋನ್ ಇಟ್ಟಳು.

"ಏನಂದ್ರಬೇ?" ಎಂದು ಶಬಾನಾ ಬಾಗಿಲಿಗೆ ಬಂದಳು.

"ಉಣ್ಣು ಅಂದ್ರು. ಬಾಯಿ ಮುಚಗೊಂಡ ಉಣ್ಣು ಅಂದ್ರು," ಎಂದು ನಿರ್ಮಲಾ ಮಷೀನಿಗೆ ಕಾಲು ಕೊಟ್ಟಳು. ದಾರ ತುಂಡಾಯಿತು. ಸೂಜಿಗೆ ಪೋಣಿಸಿದಳು. ಮತ್ತೆ ತುಂಡಾಯಿತು.

ಎಳ್ಳ ಅಮಾವಾಸ್ಯೆಯ ದಿನ ಆಕೆ ಅಂಗಡಿ ಬಾಗಿಲು ಹಾಕಿ ಬೆಳಗಿನ ಬಸ್ಸಿಗೆ ಸವಡಿಗೆ, ಅಕ್ಕನ ಹೊಲದ ಪಂಕ್ತಿಗೆ ಹೋಗುತ್ತಾಳೆ. ಅದರ ಮರು ಭಾನುವಾರದಿಂದ ಹೆಂಗಸರ ಪ್ರಶ್ನೋತ್ತರವನ್ನು ಪಾಸ್ಟರ್ ಅವರ ಹೆಂಡತಿ ನಡೆಸಿಕೊಡುತ್ತಾರೆ.