ಅತ್ತೆಯ ಬಲಗೈ

ಆಸ್ಪತ್ರೆಯಲ್ಲಿ ಅವಳಿಗೆ ‘ಕೈಕಟ್ಟು ಸಿಸ್ಟರ್’ ಅಂತಲೇ ಹೆಸರು. ರೋಗಿಯೊಬ್ಬ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದರೆ ಉಳಿದ ನರ್ಸುಗಳು ಓಡಿಹೋಗಿ ಹಾಕಿಬಿಡುತ್ತಿದ್ದರು. ಇವಳು ಮಾತ್ರ ಕೈಕಟ್ಟಿ ನೋಡುತ್ತಾ ನಿಲ್ಲುತ್ತಿದ್ದಳು. ಸೋಮಾರಿತನವಲ್ಲ, ಸಿದ್ಧಾಂತ. ರೋಗಿಗೆ ಆಗದ್ದನ್ನಷ್ಟೇ ನರ್ಸ್ ಮಾಡಬೇಕು, ಆಗುವುದನ್ನು ಅವನಿಗೇ ಬಿಡಬೇಕು ಎನ್ನುವ ಸ್ವಆರೈಕೆಯ ಪಾಠ ಓದಿದಂದಿನಿಂದ ಅವಳಿಗೆ ಅದೇ ವೇದವಾಕ್ಯ. ಅವಳನ್ನು ಬಯ್ಯುತ್ತಾ ಬಯ್ಯುತ್ತಾ ಗುಂಡಿ ಹಾಕಿಕೊಂಡವರೇ ತಮ್ಮ ಕಾಲ ಮೇಲೆ ನಡೆದು ಮನೆಗೆ ಹೋದರು ಅನ್ನುವುದೂ ನಿಜ.

ಆಮೇಲೆ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಸ್ವಆರೈಕೆಯನ್ನು ವಾರಗಟ್ಟಲೆ ಕಲಿಸುತ್ತಿದ್ದಳು. ಆರೈಕೆಯೆಂದರೆ ಮೊದಲು ಮನುಷ್ಯರ ನಡುವಿನ ನಂಟು ಎನ್ನುವ ಇನ್ನೊಂದು ಸಿದ್ಧಾಂತವನ್ನು ಮಾತ್ರ, "ಇದು ಓದಿದ್ರೆ ನಿಮಗೇ ಅರ್ಥವಾಗುತ್ತೆ" ಎಂದು ಗಂಟೆ ಹೊಡೆಯುವುದರೊಳಗೆ ಮುಗಿಸುತ್ತಿದ್ದಳು.

ಹೋದ ವರ್ಷ ಅತ್ತೆಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು. ಗಂಡ ಹಡಗಿನ ಕೆಲಸದವನು, ಮನೆಯಲ್ಲಿರುವುದೇ ಅಪರೂಪ. ಹೀಗಾಗಿ ಬಟ್ಟೆ ಅಂಗಡಿ ನಡೆಸುತ್ತಾ ಇಡೀ ಬೀದಿಯನ್ನು ಬಾಯಲ್ಲೇ ಆಳಿದ್ದ ಹೆಂಗಸು ಸೊಸೆಯ ಕೈಗೆ ಸಿಕ್ಕಿಬಿದ್ದಳು. ಸೊಸೆ ಮನೆಯಲ್ಲೂ ಕೈಕಟ್ಟಿದಳು. ಚಮಚ ಬಿದ್ದರೆ ಎತ್ತಿಕೊಡಲಿಲ್ಲ. ನೋಡಲು ಬಂದ ನಾದಿನಿ, "ಅತ್ತಿಗೆ, ನಿಮ್ಮದು ಎದೆಯೋ ಕಲ್ಲೋ?" ಎಂದು ಕಣ್ಣೊರೆಸಿಕೊಂಡು ಹೋದಳು. ಆದರೆ ಕೈ ಬಂತು! ಮೊದಲು ಚಮಚ, ಆಮೇಲೆ ಗುಂಡಿ, ಕೊನೆಗೆ ಬಾಚಣಿಗೆ. ಅತ್ತೆ ತಾನೇ ಜಡೆ ಹೆಣೆದುಕೊಂಡ ದಿನ ಸೊಸೆ ಶಾಲೆಯಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು. ಜಂಬಪಡಬೇಕಾದ್ದೇ ಬಿಡಿ.

ಒಂದು ಮಧ್ಯಾಹ್ನ ತಲೆನೋವೆಂದು ಬೇಗ ಮನೆಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಅತ್ತೆ ಕುರ್ಚಿಯಲ್ಲಿ ಒಂದು ಕಡೆ ವಾಲಿಕೊಂಡು ಕೂತಿದ್ದಾಳೆ. ಬಲಗೈ ತೊಡೆಯ ಮೇಲೆ ಜೀವವಿಲ್ಲದಂತೆ ಬಿದ್ದಿದೆ. ಪಕ್ಕದ ಮನೆಯ ಹೊಲಿಗೆಯವಳು ಹಿಂದೆ ನಿಂತು ತಲೆ ಬಾಚುತ್ತಿದ್ದಾಳೆ.

ಮತ್ತೆ ಪಾರ್ಶ್ವವಾಯು ಹೊಡೆದಿದೆ! ಇಷ್ಟು ದಿನ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಸೊಸೆ ಚೀಲ ಬಿಸಾಡಿ ಓಡಿಹೋಗಿ, ಆಸ್ಪತ್ರೆಯಲ್ಲಿ ಮಾಡುವಂತೆ ಪರೀಕ್ಷೆ ಶುರುಮಾಡಿದಳು.

"ಅತ್ತೆ, ನನ್ನ ನೋಡಿ! ನಗಿ! ಎರಡೂ ಕೈ ಎತ್ತಿ! ಯಾವಾಗಿಂದ ಹೀಗಾಗಿದೆ?"

"ಯಾಕಿಷ್ಟು ಗಾಬರಿ?" ಅಂದಳು ಹೊಲಿಗೆಯವಳು. "ಮೊದಲಿಂದಲೂ ಹಾಗೇ ಅಲ್ವಾ? ದಿನಾ ನಾನೇ ಬಾಚೋದು. ಪಾಪ, ಅಮ್ಮನಿಗೆ ಕೈ ಎತ್ತೋಕಾಗಲ್ಲ."

ದಿನಾ! ಬೆಳಿಗ್ಗೆಯಷ್ಟೇ ಅದೇ ಕೈ ಜಡೆ ಹೆಣೆದದ್ದನ್ನು ಸೊಸೆ ಕಣ್ಣಾರೆ ಕಂಡಿದ್ದಳು. ಸಿಕ್ಕಿಬಿದ್ದೆನೆಂದು ಗೊತ್ತಾದ ಅತ್ತೆ ಬಲಗೈಯನ್ನು ನಿಧಾನವಾಗಿ ಎತ್ತಿ ಬಾಚಣಿಗೆ ಕಿತ್ತುಕೊಂಡಳು. ಹೊಲಿಗೆಯವಳು ದೆವ್ವ ಕಂಡವಳಂತೆ ಹಿಂದೆ ಸರಿದು ಹೊರಟುಹೋದಳು.

"ಯಾಕತ್ತೆ ಈ ನಾಟಕ?" ಸೊಸೆ ಸಿಟ್ಟಿನಿಂದ ಕೇಳಿದಳು.

"ಬೆಳಿಗ್ಗೆ ಹಾಕ್ಕೊಂಡ ಜಡೆನ ನೀನು ಹೋದ್ಮೇಲೆ ಬಿಚ್ತೀನಿ." ಅತ್ತೆ ತಲೆ ತಗ್ಗಿಸಲಿಲ್ಲ. "ಊಟ, ಸ್ನಾನ, ಎಲ್ಲಾ ನಾನೇ ಮಾಡ್ಕೋತೀನಿ. ನೀನು ಕಲಿಸಿದ್ದೇ, ಇಲ್ಲ ಅನ್ನಲ್ಲ. ಆದ್ರೆ ಕೈ ಬಂದ್ಮೇಲೆ ಈ ಮನೇಲಿ ನನ್ನನ್ನ ಒಬ್ಬರೂ ಮುಟ್ಟಿಲ್ಲ ಕಣಮ್ಮ. ನೀನು ಕೊನೇ ಸಲ ಮುಟ್ಟಿದ್ದು ಯಾವಾಗ, ಹೇಳು ನೋಡೋಣ?"

ಸೊಸೆ ನೆನಪು ಮಾಡಿಕೊಂಡಳು. ಬಿಪಿ ನೋಡಲು ತೋಳಿಗೆ ಪಟ್ಟಿ ಕಟ್ಟಿದ್ದು. ಅದಕ್ಕೆ ಮುಂಚೆ? ನಾಡಿ ಹಿಡಿದದ್ದು. ಅದಕ್ಕೂ ಮುಂಚೆ? ಎಲ್ಲವೂ ತಪಾಸಣೆಯೇ. ಅವಳ ಪಾಠವೇನೂ ಸುಳ್ಳಾಗಿರಲಿಲ್ಲ, ಗೆದ್ದಿತ್ತು, ಹೆದರಿಕೆಯಾದದ್ದೇ ಅದಕ್ಕೆ. ತಾನು ಗುಣಮಾಡಿ ಕಳಿಸಿದವರಲ್ಲಿ ಇನ್ನೆಷ್ಟು ಜನ ಯಾರದೋ ಮುಂದೆ ಹೀಗೆ ಕೈಲಾಗದವರಂತೆ ಕೂತಿದ್ದಾರೋ!

ಬಾಚಣಿಗೆಗೆ ಕೈಚಾಚಿದಳು.

"ಬೇಡಮ್ಮ. ನೀನು ಬಾಚಿದ್ರೆ ಅದೂ ಟ್ರೀಟ್‌ಮೆಂಟ್ ಆಗಿಬಿಡುತ್ತೆ." ಅತ್ತೆ ತೆರೆದೇ ಇದ್ದ ಬಾಗಿಲ ಕಡೆ ನೋಡಿದಳು. "ಅವಳು ಇನ್ನು ಬರಲ್ಲ, ಅಲ್ವಾ?"

ಕಾಯಿಲೆ ಬಿದ್ದ ದಿನವೂ ಕಣ್ಣೀರು ಹಾಕದ ಹೆಂಗಸು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಎದುರಿಗೆ ನಿಂತ ಸೊಸೆಗೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ.