ನಸ್ರೀನ್‌ಗೆ ತಲುಪದ ಲಕೋಟೆ

ಒಂದು ವಿಷಯ ಬಿಟ್ಟು ಈ ಪೋಸ್ಟ್ ಬರೆದು ಮುಗಿಸಿದ್ದೆ.
ಓದಿ ನೋಡಿದೆ. ಚೆನ್ನಾಗಿಯೇ ಇತ್ತು...
ಅದಕ್ಕೇ ಅಳಿಸಿದೆ.

ಇಂದು ಬೆಳಿಗ್ಗೆ ನಸ್ರೀನ್ ಗಂಡ ಇಮ್ತಿಯಾಜ್ ಭಾಯ್ ಫೋನ್ ಮಾಡಿದರು.
"ಸುಮಾ... ನಸ್ರೀನ್ ಇಲ್ಲಮ್ಮ."
"ಇಲ್ಲ ಭಾಯ್, ಮಂಗಳವಾರ ಡಿಸ್ಚಾರ್ಜ್ ಅಂದಿದ್ರಲ್ಲ?" ಅಂದೆ.
ಹೆಂಡತಿಯನ್ನು ಕಳೆದುಕೊಂಡವರ ಜೊತೆ ವಾದ ಮಾಡಿದೆ...
ಮೂರನೇ ಆಪರೇಷನ್ ಆದ ಮೇಲೆ ಸೋಂಕು. ಅಷ್ಟೇ.
ಈಗಲೂ ನಂಬಿಕೆ ಬರುತ್ತಿಲ್ಲ.

ಅವಳನ್ನು ಅರಿಯದವರಿಗೆ...
ಒಂದು ಇನ್ಶೂರೆನ್ಸ್ ಆಫೀಸಿನ ಮೋಟಾರ್ ಕ್ಲೇಮ್ಸ್ ಸೆಕ್ಷನ್‌ನಲ್ಲಿ ನಾವಿಬ್ಬರೂ ಹದಿನೇಳು ವರ್ಷ ಎದುರುಬದುರು ಕೂತವರು.
ಜಖಂ ಆದ ಕಾರುಗಳ ಫೋಟೋ ನೋಡುತ್ತ ಡಬ್ಬಿ ಊಟ ಮುಗಿಸುವವರು.

ಮೂರು ವರ್ಷದ ಹಿಂದೆ ನನ್ನ ಬೂದು ಬಣ್ಣದ ಸಣ್ಣ ಕಾರನ್ನು ಅವಳಿಗೇ ಮಾರಿದೆ.
ಟಿನ್ ಫ್ಯಾಕ್ಟರಿ ಟ್ರಾಫಿಕ್ಕಿನಲ್ಲಿ ಓಡಿಸುವ ಧೈರ್ಯ ನನಗೆ ಉಳಿದಿರಲಿಲ್ಲ.
ಮರುದಿನದಿಂದ ಅದೇ ಕಾರಿನಲ್ಲಿ ಅವಳೇ ನನ್ನನ್ನು ಕರೆದೊಯ್ಯತೊಡಗಿದಳು.
ರಿಚರ್ಡ್ಸ್ ಟೌನ್‌ನಿಂದ ಅವಳು, ಬೆನ್ಸನ್ ಟೌನ್‌ನಲ್ಲಿ ನಾನು... ಹಲಸೂರು ಕೆರೆ ದಾಟಿ ಮಹದೇವಪುರದ ತನಕ ಅವಳ ಮಾತು.

ಗಿಡ್ಡಿ ಅವಳು. ಸೀಟನ್ನು ಪೂರ್ತಿ ಮುಂದಕ್ಕೆಳೆದು, ಬೆನ್ನಿಗೊಂದು ದಿಂಬು.
"ಸ್ಟೀರಿಂಗ್ ತಬ್ಕೊಂಡು ಓಡಿಸ್ತೀಯಲ್ಲೇ!" ಅನ್ನುತ್ತಿದ್ದೆ.
"ಕ್ಯಾ ಜೀ, ಮಾರಿದ್ ಮೇಲೂ ಓನರ್ ಥರ ಆಡ್ತೀಯಾ? ಸುಮ್ನೆ ಕೂತ್ಕೋ."

ಆರ್‌ಸಿ, ಪಾಲಿಸಿ ಎರಡೂ ಒಂದೇ ವಾರದಲ್ಲಿ ಅವಳ ಹೆಸರಿಗಾದವು.
"ಕ್ಲೇಮ್ಸ್‌ನವರ ಕಾರು, ಪೇಪರ್ ಪಕ್ಕಾ ಇರ್ಬೇಕು" ಎಂದು ಬೀಗಿದ್ದಳು.
ದಿನವಿಡೀ ಬೇರೆಯವರ ಕಾಗದಗಳಲ್ಲಿ ತಪ್ಪು ಹುಡುಕುವ ನಮಗೆ, ಮಾಲೀಕರು ಬದಲಾದ ವಿಷಯವನ್ನು ಕಾರು ತಯಾರಿಸಿದ ಕಂಪನಿಗೂ ತಿಳಿಸಬೇಕು ಅನ್ನುವುದು ಹೊಳೆಯಲೇ ಇಲ್ಲ.

ಹಾಗಾಗಿ ಕಂಪನಿಯ ಆ ಲಕೋಟೆ ನನ್ನ ಮನೆಗೆ ಬಂತು.
ನಾನು ಹೇಳದೆ ಬಿಟ್ಟಿದ್ದು ಇದನ್ನೇ.
ಮತ್ತೊಂದು ಫ್ರೀ ಚೆಕಪ್ ಕ್ಯಾಂಪಿನ ಜಾಹೀರಾತು ಅಂದುಕೊಂಡು, ಒಡೆಯದೆ ಫ್ರಿಜ್ ಮೇಲಿನ ಬುಟ್ಟಿಗೆ ಹಾಕಿದೆ.

ಐದು ತಿಂಗಳ ನಂತರ, ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ, ಅವಳ ಕಾರು ಮುಂದಿನ ಟೆಂಪೋಗೆ ಗುದ್ದಿತು. ನಾನು ಅಂದು ರಜೆಯಲ್ಲಿದ್ದೆ.
ಬೆಲ್ಟ್ ಹಾಕಿದ್ದಳು. ಇಳಿದು ಟೆಂಪೋದವನ ಜೊತೆ ಜಗಳ ಆಡಬೇಕಾದಷ್ಟೇ ಗುದ್ದು.
ಆದರೆ ಏರ್‌ಬ್ಯಾಗ್ ಉಬ್ಬುವ ಬದಲು ಸಿಡಿಯಿತು.
ಒಳಗಿನ ಲೋಹದ ಚೂರು ಅವಳ ಗಂಟಲಿಗೆ...

ಆ ಸಂಜೆ ಲಕೋಟೆ ಒಡೆದೆ. ದೋಷವಿರುವ ಕಾರುಗಳನ್ನು ವಾಪಸ್ ಕರೆಯುವ ರೀಕಾಲ್ ನೋಟಿಸ್.
'ನಿಮ್ಮ ಕಾರಿನ ಏರ್‌ಬ್ಯಾಗಿನಲ್ಲಿ ದೋಷವಿರಬಹುದು. ಉಚಿತವಾಗಿ ಬದಲಿಸಿಕೊಡುತ್ತೇವೆ. ಕೂಡಲೇ ಬನ್ನಿ.'

ಅವಳ ದನಿ ಹೋಗಿತ್ತು. ಆಸ್ಪತ್ರೆಯಲ್ಲಿ ಪ್ಯಾಡಿನ ಮೇಲೆ ಬರೆದು ಕೇಳಿದಳು.
"ರೀಕಾಲ್ ಲೆಟರ್ ಏನಾದ್ರೂ ನಿಂಗೆ ಬಂದಿತ್ತಾ?"
"ಇಲ್ಲ ಕಣೇ" ಅಂದೆ.
ನನ್ನ ಕೈ ತಟ್ಟಿದಳು. ಬರೆದಳು.
"ಸರಿ ಬಿಡು. ಮುಖ ಯಾಕೆ ಹಾಗಿದೆ? ಟೀ ಕುಡ್ಕೊಂಡ್ ಬಾ."

ನಸ್ರೀನ್...
ಹೇಳಿದ್ದರೆ ನೀನು ಬೈದು, ಆಮೇಲೆ ಕ್ಷಮಿಸುತ್ತಿದ್ದೆ. ಅದು ಗೊತ್ತಿದ್ದೂ ಏಕೆ ಹೇಳಲಿಲ್ಲ ನಾನು?
ಕ್ಷಮಿಸಿದ ಮೇಲೆ ಪಕ್ಕದ ಸೀಟಿಗೆ ಮತ್ತೆ ಕರೆಯುತ್ತೀಯೋ ಇಲ್ಲವೋ ಅನ್ನುವ ಭಯವೇ?


ನಿನ್ನ ಹಳೆಯ ವಾಯ್ಸ್ ನೋಟ್ ಒಂದು ನನ್ನ ಫೋನಿನಲ್ಲಿ ಉಳಿದಿದೆ. ಎಂಟು ಸೆಕೆಂಡು.
"ಕೆಳಗೆ ಬಂದ್ಬಿಟ್ಟೆ. ಇಳೀತೀಯೋ ಹಾರ್ನ್ ಹೊಡೀಲೋ? ನಿಮ್ ಮನೆ ಓನರ್ ಆಂಟಿ ಬೈದ್ರೆ ನಂಗೊತ್ತಿಲ್ಲ!"
ಬೆಳಿಗ್ಗೆಯಿಂದ ಅದನ್ನೇ ಕೇಳುತ್ತಿದ್ದೇನೆ.
ಪ್ರತಿ ಸಲವೂ ಕಾಲು ಚಪ್ಪಲಿ ಹುಡುಕುತ್ತದೆ...

ಮೊದಲ ಸಲ ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ನೀನು ಗ್ರಾಹಕ ಆಯೋಗಕ್ಕೆ ದೂರು ಕೊಟ್ಟೆ. ಕಂಪನಿಯ ಉತ್ತರ ಬಂತು: ನೋಟಿಸ್ ಕಳಿಸಿದ್ದೆವು, ಮಾಲೀಕರೇ ನಿರ್ಲಕ್ಷಿಸಿದರು.
ಅಂದರೆ ತಪ್ಪು ನಿನ್ನದು!
ನಿಮ್ಮ ಹಾಲ್‌ನಲ್ಲಿ ಕೂತು ವಕೀಲರು ಹೇಳಿದರು, "ಆ ನೋಟಿಸ್ ಯಾರ ಅಡ್ರೆಸ್‌ಗೆ ಹೋಗಿದೆ ಅಂತ ಗೊತ್ತಾದ್ರೆ ಸಾಕು ಮೇಡಂ, ಕೇಸ್ ಗಟ್ಟಿಯಾಗತ್ತೆ."
ನಾನು ಅಲ್ಲೇ ಇದ್ದೆ. ಕಪ್‌ಗಳಿಗೆ ಟೀ ಬಗ್ಗಿಸುತ್ತಿದ್ದೆ.

ಲಕೋಟೆಯ ಮೇಲೆ ನನ್ನ ಹೆಸರಿದೆ. ಆರ್‌ಸಿ ನಿನ್ನ ಹೆಸರಿಗೆ ಆದ ಎಷ್ಟೋ ತಿಂಗಳ ನಂತರದ ಅಂಚೆ ಮುದ್ರೆ ಇದೆ.
ನೀನು ನಿರ್ಲಕ್ಷಿಸಲಿಲ್ಲ ಅನ್ನುವುದಕ್ಕೆ ಬೇಕಾದ ಕಾಗದ ಇಷ್ಟು ದಿನ ನನ್ನ ಅಡುಗೆಮನೆಯಲ್ಲಿತ್ತು...

ಸ್ನೇಹಿತರೇ, ದೂರು ಕೊಟ್ಟವರು ತೀರಿಕೊಂಡರೂ ಕೇಸು ಅಲ್ಲಿಗೇ ಮುಗಿಯುವುದಿಲ್ಲ. ವಾರಸುದಾರರು ಮುಂದುವರಿಸಬಹುದು.
ಸಾಕ್ಷಿಯಾಗಿ ಬೇಕೆಂದು ಅವಳ ಕಾರನ್ನು ಗುಜರಿಗೆ ಹಾಕದೆ ಗ್ಯಾರೇಜಿನಲ್ಲಿ ಟಾರ್ಪಾಲ್ ಹೊದಿಸಿ ಇಟ್ಟಿದ್ದಾರೆ.
ಸೀಟು ಇನ್ನೂ ಮುಂದಕ್ಕೇ ಇದೆ. ದಿಂಬೂ ಇದೆ.
ನೀವು ಹಳೇ ಕಾರು ಕೊಂಡಿದ್ದರೆ, ದಯವಿಟ್ಟು ಚಾಸಿಸ್ ನಂಬರ್ ಕೊಟ್ಟು ರೀಕಾಲ್ ಇದೆಯಾ ಎಂದು ಕಂಪನಿಯನ್ನು ಕೇಳಿ. ಮಾರಿದ್ದರೆ... ನಿಮ್ಮ ಮನೆಗೆ ಬರುವ ಲಕೋಟೆ ಒಡೆಯಿರಿ.

ಇಂದು ಸಂಜೆಯ ಅಸರ್ ನಮಾಜ್ ಆದ ಮೇಲೆ ಮಣ್ಣು ಎಂದಿದ್ದಾರೆ. ಈಗ ಹೊರಡುತ್ತೇನೆ.
ಇಂದು ಆ ಮನೆಯಲ್ಲಿ ಬರೀ ಅವಳಿರಲಿ, ನನ್ನ ತಪ್ಪೊಪ್ಪಿಗೆ ಬೇಡ.
ನಾಡಿದ್ದು ಮೂರನೇ ದಿನದ ಜಿಯಾರತ್. ಪ್ರಾರ್ಥನೆ ಮುಗಿದ ಮೇಲೆ ಲಕೋಟೆಯನ್ನು ಇಮ್ತಿಯಾಜ್ ಭಾಯ್ ಕೈಗೆ ಕೊಟ್ಟು, ಬಾಯಿಬಿಟ್ಟು ಹೇಳುತ್ತೇನೆ. ಏನಂದರೂ ನಿಂತು ಕೇಳುತ್ತೇನೆ. ಆಯೋಗದ ಮುಂದೆಯೂ ಹೇಳುತ್ತೇನೆ.
ಅವರು ಇದನ್ನು ಫೋನಿನಲ್ಲಿ ಓದಿ ತಿಳಿಯಬಾರದು. ಅಲ್ಲಿಯವರೆಗೆ ಈ ಬರಹ ಡ್ರಾಫ್ಟ್‌ನಲ್ಲೇ ಇರಲಿ.

ಹೋಗಿ ಬಾ ನಸ್ರೀನ್...
ಗಂಟಲಿನ ನೋವೆಲ್ಲ ಇಲ್ಲೇ ಉಳಿಯಲಿ. ನಿನ್ನ ದನಿ ನಿನಗೆ ಮರಳಿ ಸಿಗಲಿ, ನಿನ್ನ ಜೀವ ನೆಮ್ಮದಿಯಾಗಿರಲಿ.

ಪೋಸ್ಟ್ ಮಾಡುವ ದಿನ: ಭಾನುವಾರ, ಹದಿನಾರನೇ ತಾರೀಖು.